ಮಹಡಿಯ ಮನೆ, ಮುಂಗಡದ ಹಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹೇಳಿದ ನಮ್ಮ ಹಿರಿಯರು ಮೂರನೆಯ ಮಾತೊಂದನ್ನು ಏಕೋ ಹೇಳದೆ ಬಿಟ್ಟರು. ‘ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು’ ಎಂಬ ಆ ಮಾತು ಇಂದಿನ ಬೆಂಗಳೂರಿನಲ್ಲಿ ಮೊದಲಿನ ಎರಡಕ್ಕಿಂತ ಹಗುರವಾದುದೇನಲ್ಲ. ಮದುವೆಯ ಗದ್ದಲ ಎರಡು ದಿನಗಳಲ್ಲಿ ಮುಗಿಯುತ್ತದೆ. ಮನೆ ಕಟ್ಟುವ ಗೋಳು ಒಂದು ವರ್ಷದಲ್ಲಿ ತೀರುತ್ತದೆ. ಬಾಡಿಗೆಯ ಸಂಬಂಧವಾದರೋ ತಿಂಗಳಿಗೊಮ್ಮೆ, ಐದನೆಯ ತಾರೀಖಿನಂದು, ಹೊಸದಾಗಿ ಹುಟ್ಟುತ್ತದೆ.

ಕಳೆದ ವಾರ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದಾಗ ಚರಿತ್ರೆಯ ವಿಭಾಗದ ನಮ್ಮ ಹಿರಿಯ ಮಿತ್ರರು ನನ್ನ ಮುಂದೆ ಒಂದು ನಕ್ಷೆಯನ್ನು ಹರಡಿದರು. ಬರುವ ಮೇ ತಿಂಗಳಿನಲ್ಲಿ ಅವರು ನಿವೃತ್ತರಾಗುವವರು. ಅವರಿಗಿರುವುದು ಒಂದು ಅಂತಸ್ತಿನ ಸ್ವಂತ ಮನೆ. ನಿವೃತ್ತಿಯ ಕಾಲಕ್ಕೆ ಕೈಗೆ ಬರುವ ಇಡಿಗಂಟನ್ನು ಹಾಕಿ ಅದರ ಮೇಲೊಂದು ಮಹಡಿಯನ್ನೆಬ್ಬಿಸಿ ಬಾಡಿಗೆಗೆ ಕೊಡಬೇಕೆಂಬುದು ಅವರ ಯೋಚನೆ.

“ನೋಡಿ ಮೇಷ್ಟ್ರೆ, ನೀವು ಎಂಟು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಈಗ ನಾಲ್ಕು ವರ್ಷಗಳಿಂದ ಬಾಡಿಗೆಗೆ ಕೊಡುತ್ತಲೂ ಇದ್ದೀರಿ. ಎರಡು ದಡವನ್ನೂ ಕಂಡವರು. ಕಟ್ಟಲೋ ಬೇಡವೋ, ಹೇಳಿಬಿಡಿ” ಎಂದರು.

ಕನ್ನಡ ಎಂ.ಎ. ಓದಿದವನನ್ನು ಕಟ್ಟಡದ ವಿಚಾರವಾಗಿ ಕೇಳುವುದು ವೈದ್ಯನನ್ನು ಛಂದಸ್ಸಿನ ವಿಚಾರವಾಗಿ ಕೇಳಿದಂತೆಯೇ ಸರಿ. ಆದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಊರಿನ ಮನೆಯನ್ನು ಮಾರಿದ ಹಣ, ನನ್ನಾಕೆಯ ಉಳಿತಾಯ, ಬ್ಯಾಂಕಿನ ಸಾಲ, ಈ ಮೂರನ್ನೂ ಕೂಡಿಸಿ ನಾವು ಕೆಂಗೇರಿಯ ಕಡೆ ಒಂದು ಹಳೆಯ ಮಹಡಿ ಮನೆಯನ್ನು ಕೊಂಡುಕೊಂಡೆವು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಆದುದರಿಂದ ಮಿತ್ರರಿಗೆ ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇನೆ. ಓದುಗರಲ್ಲಿಯೂ ಅನೇಕರ ಕೈಯಲ್ಲಿ ಇಂಥದೇ ಒಂದು ನಕ್ಷೆ ಇದ್ದೀತು.

ಮೊದಲು ಲೆಕ್ಕ. ಮೇಸ್ತ್ರಿ ಅವರಿಗೆ ಹೇಳಿದ ಅಂದಾಜು 22 ಲಕ್ಷ ರೂಪಾಯಿ. ಅವರ ಬೀದಿಯಲ್ಲಿ ಅಂಥ ಮನೆಗೆ 18,000 ರೂಪಾಯಿ ಬಾಡಿಗೆ ಬರುತ್ತದೆ. ವರ್ಷಕ್ಕೆ 2,16,000. ಎಂದರೆ ಹಾಕಿದ ಹಣಕ್ಕೆ ನೂರಕ್ಕೆ ಹತ್ತರ ಸಮೀಪ. ಕೇಳಲು ಇಂಪಾಗಿದೆ. ಆದರೆ ಅದರಲ್ಲಿ ವರ್ಷಕ್ಕೊಂದು ತಿಂಗಳು ಮನೆ ಖಾಲಿಯಿರಬಹುದೆಂದು 18,000 ಕಳೆಯಬೇಕು; ರಿಪೇರಿ, ಸುಣ್ಣಬಣ್ಣಗಳಿಗೆಂದು ಇನ್ನೊಂದು ತಿಂಗಳ ಬಾಡಿಗೆಯನ್ನು ಕಳೆಯಬೇಕು; ಕಂದಾಯಕ್ಕೆ 6,000 ಎಂದಿಟ್ಟುಕೊಳ್ಳೋಣ. ಉಳಿಯುವುದು 1,74,000. ನೂರಕ್ಕೆ ಎಂಟಕ್ಕಿಂತ ತುಸು ಕಡಿಮೆ. ಹಿರಿಯ ನಾಗರಿಕರ ಠೇವಣಿಗೆ ಆ ದಿನ ಎಷ್ಟು ಬಡ್ಡಿಯಿದೆಯೆಂದು ವಿಚಾರಿಸಿ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಬಹಳವಿರಲಾರದು. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಠೇವಣಿಯ ಬಡ್ಡಿ ಏರುವುದಿಲ್ಲ. ಇದು ಮಹಡಿಯ ಗುಣ. ಠೇವಣಿಯನ್ನು ಕಾಯಿಲೆ ಕಸಾಲೆಗೆ ಮುರಿಸಬಹುದು, ಮಹಡಿಯನ್ನು ಮುರಿಸಲು ಬಾರದು; ಇದು ಅದರ ದೋಷ.

ಇಷ್ಟಾದರೂ ಗಿಟ್ಟುವುದು ನಿವೇಶನವೂ ತಳಪಾಯವೂ ಮೊದಲೇ ಅವರದಾಗಿರುವುದರಿಂದ. ಇದೇ ಹಣಕ್ಕೆ ಸಾಲವನ್ನು ಸೇರಿಸಿ 80 ಲಕ್ಷದ ಫ್ಲಾಟನ್ನು ಕೊಂಡು ತಿಂಗಳಿಗೆ 22,000ಕ್ಕೆ ಬಾಡಿಗೆಗೆ ಕೊಟ್ಟರೆ, ಖರ್ಚು ಕಳೆಯುವುದಕ್ಕೆ ಮೊದಲೇ ಉತ್ಪತ್ತಿ ನೂರಕ್ಕೆ 3.3 ಮಾತ್ರ. ನೂರಕ್ಕೆ ಎಂಟೂವರೆಯ ಬಡ್ಡಿಗೆ 50 ಲಕ್ಷ ಸಾಲ ಮಾಡಿದವನು ಮೊದಲ ವರ್ಷ ಬಡ್ಡಿಯೊಂದನ್ನೇ ಸುಮಾರು 4,25,000 ಕಟ್ಟಬೇಕು. ಬರುವ ಬಾಡಿಗೆ 2,64,000. ಮುಂದೆ ಬೆಲೆಯೇರುವುದೆಂಬ ನಂಬಿಕೆಯಿಂದ ಕೊಳ್ಳುವವರು ಕೊಳ್ಳಲಿ. ಬಾಡಿಗೆಯಿಂದಲೇ ಸಾಲ ತೀರುವುದೆಂದು ಮಾತ್ರ ಯಾರೂ ನಂಬಬಾರದು.

ಎರಡನೆಯದು ಗೋಡೆ. ಕಂಬ ತೊಲೆಗಳಿಲ್ಲದೆ ಬರಿಯ ಗೋಡೆಯ ಮೇಲೆ ನಿಂತ ಹಳೆಯ ಮನೆ ಇನ್ನೊಂದು ಅಂತಸ್ತನ್ನು ಹೊರಬಲ್ಲುದೇ ಎಂಬುದನ್ನು ಮೇಸ್ತ್ರಿಯಲ್ಲ, ಎಂಜಿನಿಯರು ಬಂದು ನೋಡಿ ಬರೆದುಕೊಡಬೇಕು. ನಗರಪಾಲಿಕೆಯ ಒಪ್ಪಿಗೆ ಪಡೆದ ನಕ್ಷೆಯಂತೆಯೇ ಕಟ್ಟಬೇಕು. ಮಹಡಿಯ ಮೆಟ್ಟಿಲು ಹೊರಗಡೆಯಿಂದಿರಲಿ. ವಿದ್ಯುತ್ತಿಗೆ ಪ್ರತ್ಯೇಕ ಮೀಟರು ಇರಲಿ. ಒಂದೇ ಮೀಟರಿನ ಬಿಲ್ಲನ್ನು ಎರಡು ಸಂಸಾರಗಳು ಹಂಚಿಕೊಂಡು ಒಂದು ವರ್ಷ ಸ್ನೇಹದಿಂದಿದ್ದುದನ್ನು ನಾನು ಕಂಡಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುವಂತೆ ಆರಂಭವಾದಾಗ, ಪ್ರತ್ಯೇಕ ಮೀಟರಿಲ್ಲದ ಮನೆಗಳಲ್ಲಿ ಎಷ್ಟು ಚರ್ಚೆಗಳಾದುವೆಂಬುದನ್ನು ನಮ್ಮ ಬೀದಿಯವರೆಲ್ಲ ಬಲ್ಲರು.

ನೀರಿನ ಮಾತನ್ನು ಹೇಳಲೇಬೇಕಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ‘ನೀರು ಹೇಗಿದೆ?’ ಎಂಬುದೇ ಮನೆ ನೋಡಲು ಬಂದವರ ಮೊದಲ ಪ್ರಶ್ನೆಯಾಯಿತು. ಸಂಪನ್ನು ದೊಡ್ಡದು ಮಾಡಿಸಲು, ಚಾವಣಿಯ ಮಳೆನೀರನ್ನು ಅದಕ್ಕೆ ಹಾಯಿಸಲು ಹಾಕಿದ ಹಣ, ಹಜಾರಕ್ಕೆ ಹಾಕಿದ ನುಣುಪು ಕಲ್ಲಿಗಿಂತ ಬೇಗ ಹಿಂದಿರುಗುತ್ತದೆ.

ಇಷ್ಟನ್ನು ಹೇಳುವಷ್ಟರಲ್ಲಿ ಮಿತ್ರರು ನಕ್ಷೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಇನ್ನೊಂದು ಲೆಕ್ಕ ಬರೆದಿದ್ದರು. “ಹತ್ತು ತಿಂಗಳ ಮುಂಗಡ ತೆಗೆದುಕೊಂಡರೆ 1,80,000 ಬರುತ್ತದೆ. ಅದರಲ್ಲಿ ಕಿಟಕಿ ಬಾಗಿಲುಗಳ ಬಾಬ್ತು ಮುಗಿದುಹೋಗುತ್ತದೆ” ಎಂದರು.

ಆ ಸಾಲನ್ನು ನೋಡಿ ನನಗೆ ಒಬ್ಬ ಮಹನೀಯರ ನೆನಪಾಯಿತು.

2017ರಲ್ಲಿ ನಾವು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರ ಮಹಡಿಯಲ್ಲಿದ್ದೆವು. ಬಾಡಿಗೆ 12,000, ಮುಂಗಡ 1,20,000. ಹಬ್ಬದ ದಿನ ಹೋಳಿಗೆಯನ್ನು ಮೇಲಕ್ಕೆ ಕಳುಹಿಸುತ್ತಿದ್ದ ಮನೆ ಅದು. ನನ್ನ ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದ ತಿಂಗಳೇ ನಾವು ಆ ಮನೆಯನ್ನು ಬಿಡುವ ತಿಂಗಳೂ ಆಗಿತ್ತು. ಅಪ್ಪನನ್ನು ಊರಿನಿಂದ ಕರೆತಂದು ಇಟ್ಟುಕೊಳ್ಳಲು ಮೆಟ್ಟಿಲಿಲ್ಲದ ಮನೆ ಬೇಕಾಗಿತ್ತು. ಕರಾರಿನಂತೆ ಎರಡು ತಿಂಗಳ ಮುಂಚೆಯೇ ತಿಳಿಸಿದ್ದೆ. ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಬೀಗದ ಕೈ ಕೊಡಲು ಕೆಳಗಿಳಿದೆ. ಮೇಷ್ಟ್ರು ಬೀಗದ ಕೈಯನ್ನು ತೆಗೆದುಕೊಳ್ಳಲಿಲ್ಲ. ಕುರ್ಚಿಯಲ್ಲಿ ಕುಳಿತು ನೆಲವನ್ನು ನೋಡುತ್ತಿದ್ದರು.

“ಹಣ ಇಲ್ಲಪ್ಪ. ಮಗಳ ಮದುವೆಗೆ ಆಗಿಹೋಯಿತು. ಹೊಸಬರು ಬಂದು ಮುಂಗಡ ಕೊಟ್ಟರೆ ಅದರಲ್ಲಿ ನಿನ್ನದನ್ನು ಕೊಡೋಣ ಅಂದುಕೊಂಡಿದ್ದೆ. ಯಾರೂ ಗೊತ್ತಾಗಲಿಲ್ಲ” ಎಂದರು.

ಅವರು ವಂಚಕರಲ್ಲ. ಆ ಮಾತನ್ನು ನಾನು ಇಂದಿಗೂ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ಕುಳಿತವರಿಗೆ ಅವರ ಸಜ್ಜನಿಕೆ ಬೇಕಾಗಿರಲಿಲ್ಲ. ಪತ್ತಿನ ಸಹಕಾರ ಸಂಘದಲ್ಲಿ ನನ್ನ ಹೆಂಡತಿಯ ಬಳೆಗಳನ್ನಿಟ್ಟು ಸಾಲ ತಂದೆವು. ತಂದೆಯವರು ಗುಣ ಹೊಂದಿ ಮನೆಗೆ ಬಂದರು. ಬಳೆಗಳು ಬರಲು ಹದಿಮೂರು ತಿಂಗಳು ಹಿಡಿಯಿತು. ಮೇಷ್ಟ್ರು ನಾಲ್ಕು ಕಂತುಗಳಲ್ಲಿ ಹಣವನ್ನು ತೀರಿಸಿದರು. ಕೊನೆಯ ಕಂತನ್ನು ಕೊಡಲು ಎರಡು ಬಸ್ಸು ಬದಲಾಯಿಸಿಕೊಂಡು ಕಾಲೇಜಿಗೇ ಬಂದರು. ಲಕೋಟೆಯೊಳಗೆ ಹಣದ ಜೊತೆ ಒಂದು ಚೀಟಿಯಿತ್ತು. ತಿಂಗಳು ತಿಂಗಳಿನ ಬಡ್ಡಿಯನ್ನು ಶಾಲೆಯ ಲೆಕ್ಕದಂತೆ ಒಂದರ ಕೆಳಗೊಂದು ಬರೆದಿದ್ದರು. “ತಪ್ಪಿದ್ದರೆ ತಿದ್ದು” ಎಂದರು. ಬಡ್ಡಿಯನ್ನು ನಾನು ತೆಗೆದುಕೊಳ್ಳಲಿಲ್ಲ. ಅವರು ಅಲ್ಲಿಂದ ಹೋದ ಮೇಲೆ ಮಧ್ಯಾಹ್ನದ ತರಗತಿಯಲ್ಲಿ ಏನು ಪಾಠ ಮಾಡಿದೆನೆಂಬುದು ನನಗೆ ನೆನಪಿಲ್ಲ.

ಆ ದಿನ ಕಲಿತದ್ದು ಇಷ್ಟು: ಮುಂಗಡವು ಮನೆಯ ಯಜಮಾನನ ಹಣವಲ್ಲ. ಅದು ಇನ್ನೊಬ್ಬನು ನಮ್ಮಲ್ಲಿಟ್ಟ ನಂಬುಗೆಯ ಗಂಟು. ನಮ್ಮ ಮಹಡಿಯ ಮುಂಗಡವನ್ನು ನಾನು ಮೊದಲ ದಿನವೇ ಬೇರೆಯಾಗಿ ಬ್ಯಾಂಕಿನಲ್ಲಿ ಠೇವಣಿಯಾಗಿಡುತ್ತೇನೆ. ಬಡ್ಡಿ ನನ್ನದು, ಅಸಲು ಅವರದು. ಹತ್ತು ತಿಂಗಳ ಮುಂಗಡವನ್ನು ಕೇಳುವ ಬೆಂಗಳೂರಿನ ಹಳೆಯ ವಾಡಿಕೆಯನ್ನೂ ಬಿಟ್ಟೆ. ಮೂರು ತಿಂಗಳದನ್ನು ಮಾತ್ರ ಪಡೆಯುತ್ತೇನೆ. ಕೇಂದ್ರ ಸಂಪುಟವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡೇ ತಿಂಗಳ ಮುಂಗಡವೆಂದು ಮಿತಿ ಹೇಳುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ; ರಾಜ್ಯವು ತನ್ನದಾಗಿ ಮಾಡಿಕೊಂಡ ಹೊರತು ಕಟ್ಟುಪಾಡಲ್ಲ. ಆದರೂ ಅದರ ಆಶಯ ಸರಿಯಾದುದು. ಮುಂಗಡ ಕಡಿಮೆಯಾದಷ್ಟೂ ಒಳ್ಳೆಯ ಬಾಡಿಗೆದಾರರು ಹೆಚ್ಚು ಮಂದಿ ಬರುತ್ತಾರೆ, ಹಿಂದಿರುಗಿಸುವ ಚಿಂತೆಯೂ ಕಡಿಮೆಯಾಗುತ್ತದೆ.

ಭೋಗ್ಯದ ವಿಚಾರವೂ ಇದೇ. ಹತ್ತೋ ಹದಿನೈದೋ ಲಕ್ಷವನ್ನು ಒಟ್ಟಿಗೆ ಪಡೆದು, ಬಾಡಿಗೆಯಿಲ್ಲದೆ ಮೂರು ವರ್ಷ ಮನೆ ಬಿಟ್ಟುಕೊಡುವ ಪದ್ಧತಿ ನಮ್ಮ ನಗರದಲ್ಲಿ ಬಳಕೆಯಲ್ಲಿದೆ. ಹಣವನ್ನು ಖರ್ಚು ಮಾಡಿಕೊಂಡ ಯಜಮಾನನು ಮೂರನೆಯ ವರ್ಷ ಇನ್ನೊಬ್ಬ ಭೋಗ್ಯದವನನ್ನು ಹುಡುಕಿಕೊಂಡು ಅಲೆಯುತ್ತಾನೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಅದು ಕಂತು ತಪ್ಪಿದರೆ, ಭೋಗ್ಯಕ್ಕೆ ಬಂದವನ ಗತಿ ಇನ್ನೂ ಕಷ್ಟ. ತಿಂಗಳ ಬಾಡಿಗೆಯ ಸಣ್ಣ ಗಂಟೇ ಇಬ್ಬರಿಗೂ ಕ್ಷೇಮ.

ಇನ್ನು ಯಾರಿಗೆ ಕೊಡಬೇಕು? ಮನೆ ಖಾಲಿಯಾದೊಡನೆ ಮೊದಲು ಬಂದವರಿಗೆ ಬೀಗದ ಕೈ ಕೊಡುವ ಆತುರವೂ ಬೇಡ, ವರನನ್ನು ಆರಿಸುವಂತೆ ಜಾತಕ ನೋಡುವುದೂ ಬೇಡ. ಉದ್ಯೋಗವೇನು, ಹಿಂದಿನ ಮನೆಯನ್ನು ಏಕೆ ಬಿಟ್ಟರು, ಆ ಮನೆಯ ಯಜಮಾನರನ್ನು ಒಮ್ಮೆ ಮಾತನಾಡಿಸಬಹುದೇ, ಈ ಮೂರು ಪ್ರಶ್ನೆಗಳು ಸಾಕು. ಗುರುತಿನ ಪತ್ರದ ನಕಲನ್ನು ಪಡೆದು, ಪೊಲೀಸ್ ಠಾಣೆಗೆ ವಿವರ ಕೊಡುವುದೂ ಒಳ್ಳೆಯದೇ. ನಮ್ಮವರಲ್ಲಿ ಅನೇಕರು ಕೇಳುವ ನಾಲ್ಕನೆಯ ಪ್ರಶ್ನೆಯೊಂದಿದೆ: ‘ನೀವು ಯಾವ ಜನ?’ ಆ ಪ್ರಶ್ನೆಯನ್ನು ನಾನೂ ಎಂಟು ವರ್ಷ ಮನೆ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ. ಅದಕ್ಕೆ ಬೇಕಾದ ಉತ್ತರ ಸಿಕ್ಕದೆ ಹಿಂದಿರುಗಿದವರಲ್ಲಿ ತಿಂಗಳ ಮೊದಲ ದಿನವೇ ಬಾಡಿಗೆ ಕಟ್ಟುವವರು ಎಷ್ಟು ಮಂದಿಯಿದ್ದರೋ. ಬಾಡಿಗೆಯನ್ನು ಕಟ್ಟುವುದೂ ನಲ್ಲಿಯನ್ನು ನಿಲ್ಲಿಸುವುದೂ ನಡತೆಯೇ ಹೊರತು ಕುಲವಲ್ಲ.

ಆರಿಸಿಯಾದ ಮೇಲೆ ಕಾಗದ. ‘ನಮ್ಮ ನಮ್ಮಲ್ಲಿ ಕಾಗದವೇಕೆ?’ ಎಂದು ಆರಂಭವಾದ ವ್ಯವಹಾರಗಳೇ ಕೋರ್ಟಿನ ಕಟ್ಟೆಯನ್ನು ಹತ್ತುವುದು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ, ಒಮ್ಮೆ ಕೊಟ್ಟ ಮನೆ ಮತ್ತೆ ಕೈಸೇರದೆಂಬ ಹೆದರಿಕೆ ಯಜಮಾನರಲ್ಲಿ ಬೇರೂರಿತ್ತು. ಅದರ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದುದರಿಂದ ಇಂದಿನ ಬಹುಪಾಲು ಮನೆಗಳ ವ್ಯವಹಾರ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಕೆಳಗೆ, ಎಂದರೆ ಮುಖ್ಯವಾಗಿ ನಾವೇ ಬರೆದುಕೊಂಡ ಕರಾರಿನಂತೆ ನಡೆಯುತ್ತದೆ.

ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕಿರುತ್ತವೆಂದು ಅನೇಕರು ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರು ನೋಂದಣಿಯಾಗಲೇಬೇಕೆಂದು ಆ ಕಾಯಿದೆ ಹೇಳುತ್ತದೆ, ಅದಕ್ಕೇ ಹನ್ನೊಂದು. ನೋಂದಣಿ ಬೇಡವಾದರೂ ತಕ್ಕ ಮೌಲ್ಯದ ಛಾಪಾ ಕಾಗದ ಬೇಕು. ಅದರಲ್ಲಿ ಬಾಡಿಗೆಯ ಮೊತ್ತ, ಕಟ್ಟುವ ದಿನ, ಮುಂಗಡ, ವರ್ಷಕ್ಕೆಷ್ಟು ಏರಿಕೆ, ಮನೆ ಬಿಡುವ ಮುಂಚೆ ಎಷ್ಟು ತಿಂಗಳ ತಿಳಿವಳಿಕೆ, ಸುಣ್ಣಬಣ್ಣದ ಖರ್ಚು ಯಾರದು, ಎಲ್ಲವೂ ಇರಲಿ. ತಿಳಿವಳಿಕೆಯ ಅವಧಿಯನ್ನು ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾಯಿದೆಯಂತೆ ಹದಿನೈದೇ ದಿನ. ಒಳಬಾಡಿಗೆ ಕೂಡದೆಂದು ಬರೆಯದಿದ್ದರೆ, ಬಾಡಿಗೆದಾರನು ಮನೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡಲು ಅದೇ ಕಾಯಿದೆಯಲ್ಲಿ ಎಡೆಯಿದೆ. ಇವೆರಡನ್ನು ತಿಳಿಯದೆ ಸಂಕಟಪಟ್ಟವರುಂಟು. ಕರಾರಿನ ಹಿಂದೆ ಒಂದು ಪಟ್ಟಿ ಸೇರಿಸಿ: ಪಂಖಗಳೆಷ್ಟು, ನಲ್ಲಿಗಳೆಷ್ಟು, ಯಾವ ಗಾಜು ಮೊದಲೇ ಬಿರಿದಿತ್ತು, ಮೀಟರಿನ ಅಂಕಿ ಎಷ್ಟು. ಒಕ್ಕಲಾಗುವ ದಿನ ಇಬ್ಬರೂ ಸೇರಿ ಮೊಬೈಲಿನಲ್ಲಿ ಕೋಣೆ ಕೋಣೆಯ ಚಿತ್ರ ತೆಗೆದಿಟ್ಟುಕೊಂಡರೆ, ಬಿಡುವ ದಿನ ಮುಖ ಕೆಡುವುದಿಲ್ಲ.

ಮನೆ ಕೊಟ್ಟ ಮೇಲೆ ಯಜಮಾನನ ಕೆಲಸ ಮುಗಿಯಿತೆನ್ನುವವರೂ ಇದ್ದಾರೆ. ಸೋರುವ ನಲ್ಲಿಯನ್ನು ಬಾಡಿಗೆದಾರನು ಮೂರು ಸಲ ಹೇಳಿದರೂ ಸರಿಪಡಿಸದವನು ಗೋಡೆಯ ಒಳಗಿನ ತೇವಕ್ಕೆ ಮುಂದೆ ಹತ್ತರಷ್ಟು ತೆರುತ್ತಾನೆ. ತಾನು ಮಾಡಬೇಕಾದ ರಿಪೇರಿಯನ್ನು ಯಜಮಾನನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾಯಿದೆ ಅವಕಾಶ ಕೊಟ್ಟಿದೆ. ಹಾಗೆಯೇ, ಬಾಡಿಗೆ ಬಾಕಿಯಾಯಿತೆಂದು ನೀರು ವಿದ್ಯುತ್ತುಗಳನ್ನು ನಿಲ್ಲಿಸುವುದು, ಬೀಗ ಬದಲಾಯಿಸುವುದು, ಇವು ದಾರಿಯಲ್ಲ. ನೋಟೀಸು ಕೊಟ್ಟು ನ್ಯಾಯಾಲಯದ ಮೂಲಕ ಹೋಗುವುದೊಂದೇ ದಾರಿ. ಅದು ನಿಧಾನವೆಂಬುದರಿಂದಲೇ ಆರಿಸುವಾಗ ಅವಸರ ಬೇಡವೆಂದದ್ದು.

ಬಾಡಿಗೆಯ ಏರಿಕೆಯಲ್ಲಿಯೂ ಒಂದು ಲೆಕ್ಕವಿದೆ. 18,000 ಕೊಡುತ್ತಿರುವ ಒಳ್ಳೆಯ ಸಂಸಾರಕ್ಕೆ, ಕರಾರಿನಲ್ಲಿರುವುದಕ್ಕಿಂತ ಮೇಲೆ ಇನ್ನೊಂದು ಸಾವಿರ ಬೇಕೆಂದು ಹಟ ಹಿಡಿದಿರೆಂದಿಟ್ಟುಕೊಳ್ಳಿ. ಅವರು ಬಿಟ್ಟುಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ ನಷ್ಟ 18,000. ಹೊಸಬರಿಂದ ಬರುವ ಹೆಚ್ಚಿನ ಸಾವಿರದಲ್ಲಿ ಅದು ತುಂಬಲು ಹದಿನೆಂಟು ತಿಂಗಳು ಬೇಕು. ಸುಣ್ಣಬಣ್ಣ, ದಲ್ಲಾಳಿಯ ಹಣ ಬೇರೆ. ನಮ್ಮನ್ನು ಬಡವರನ್ನಾಗಿ ಮಾಡುವುದು ಕಡಿಮೆ ಬಾಡಿಗೆಯಲ್ಲ, ಖಾಲಿ ಮನೆ.

ತೆರಿಗೆಯ ಮಾತನ್ನು ಮರೆಯುವಂತಿಲ್ಲ. ಬಾಡಿಗೆಯು ಆದಾಯವೇ, ಲೆಕ್ಕದಲ್ಲಿ ತೋರಿಸಲೇಬೇಕು. ಆದರೆ ಅದರ ಲೆಕ್ಕ ಉದಾರವಾಗಿದೆ. ವರ್ಷದ ಬಾಡಿಗೆ 2,16,000ದಲ್ಲಿ ಯಜಮಾನನೇ ಕಟ್ಟಿದ ಕಂದಾಯ 6,000 ಕಳೆದರೆ 2,10,000; ಅದರಲ್ಲಿ ರಿಪೇರಿಗೆಂದು ನೂರಕ್ಕೆ ಮೂವತ್ತನ್ನು, ಖರ್ಚು ಮಾಡಿರಲಿ ಬಿಡಲಿ, ಬಿಟ್ಟುಕೊಡುತ್ತಾರೆ. ಉಳಿದ 1,47,000 ಮಾತ್ರ ಆದಾಯಕ್ಕೆ ಸೇರುತ್ತದೆ. ಮನೆಯ ಕಂದಾಯದಲ್ಲಿ ಈ ಔದಾರ್ಯವಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರವನ್ನು ಸ್ವಂತ ವಾಸದ ಮನೆಯ ಎರಡರಷ್ಟಾಗಿ ಗೊತ್ತುಮಾಡಿದರು. ಅದನ್ನು ಮರೆಮಾಚಿ ಸ್ವಂತ ವಾಸವೆಂದು ಬರೆದವರು ಮುಂದೆ ದಂಡ ಸಹಿತ ಕಟ್ಟಬೇಕಾದೀತು.

ಮಿತ್ರರು ಇಷ್ಟನ್ನೂ ಕೇಳಿ, ಮೂಲೆಯಲ್ಲಿ ಬರೆದಿದ್ದ ಮುಂಗಡದ ಲೆಕ್ಕವನ್ನು ರಬ್ಬರಿನಿಂದ ಅಳಿಸಿದರು. “ಹಾಗಾದರೆ ಕಿಟಕಿ ಬಾಗಿಲಿಗೆ ಹಣ?” ಎಂದು ಕೇಳಿದರು.

“ಇದ್ದರೆ ಕಟ್ಟಿ ಸಾರ್. ಇಲ್ಲದಿದ್ದರೆ ಮಹಡಿಯನ್ನು ಚಿಕ್ಕದು ಮಾಡಿ. ಗಂಟಿನಲ್ಲಿ ಮೂರನೆಯ ಒಂದು ಪಾಲಾದರೂ ಬ್ಯಾಂಕಿನಲ್ಲಿರಲಿ. ನಿಮಗೂ ಅಮ್ಮನಿಗೂ ಆಸ್ಪತ್ರೆಯ ದಿನವೆಂಬುದು ಬಂದರೆ ಇಟ್ಟಿಗೆ ಕಿತ್ತುಕೊಂಡು ಹೋಗಲಾಗುವುದಿಲ್ಲ” ಎಂದೆ.

ಅವರು ಉತ್ತರ ಹೇಳಲಿಲ್ಲ. ಗಂಟೆ ಹೊಡೆಯಿತು, ನಕ್ಷೆಯನ್ನು ಮಡಿಸಿಕೊಂಡು ತರಗತಿಗೆ ಹೋದರು. ಮರುದಿನ ಬಂದು, ಎರಡು ಕೋಣೆಯ ಬದಲು ಒಂದೇ ಕೋಣೆಯ ಮನೆಯಾಗಿ ನಕ್ಷೆಯನ್ನು ಬದಲಾಯಿಸಲು ಹೇಳಿದ್ದಾಗಿಯೂ, ಅಂದಾಜು 14 ಲಕ್ಷಕ್ಕೆ ಇಳಿದುದಾಗಿಯೂ ತಿಳಿಸಿದರು. ಅವರ ಮನೆಯವರು ಮಾತ್ರ ಒಂದು ಷರತ್ತು ಹಾಕಿದ್ದಾರಂತೆ: ಮೆಟ್ಟಿಲು ಹೊರಗಿರಲಿ, ಆದರೆ ತುಳಸಿಕಟ್ಟೆಯನ್ನು ಮುಟ್ಟಕೂಡದು.

ನಮ್ಮ ಮಹಡಿಯವರು ಹೋದ ತಿಂಗಳು ಮೈಸೂರಿಗೆ ವರ್ಗವಾಗಿ ಹೊರಟರು. ಗಂಡ ಹೆಂಡತಿ ಇಬ್ಬರೂ ಬೀಗದ ಕೈ ಹಿಡಿದು ಕೆಳಗಿಳಿದು ಬಂದಾಗ ನಾನು ಚೆಕ್ಕನ್ನು ಬರೆದಿಟ್ಟುಕೊಂಡು ಕುಳಿತಿದ್ದೆ. ಆತ ಅದನ್ನು ನೋಡಿ, “ಇಷ್ಟು ಬೇಗ ಕೊಡುತ್ತೀರೆಂದು ನಾವು ಅಂದುಕೊಂಡಿರಲಿಲ್ಲ ಸಾರ್. ಅಲ್ಲಿಯ ಮನೆಯ ಮುಂಗಡಕ್ಕೆ ತಮ್ಮನ ಹತ್ತಿರ ಕೈಸಾಲ ಮಾಡಿದ್ದೇವೆ” ಎಂದರು. ಆಕೆ ತಲೆ ತಗ್ಗಿಸಿ ತನ್ನ ಕೈಬಳೆಯನ್ನು ತಿರುಗಿಸುತ್ತಿದ್ದರು. ಒಳಗಿನಿಂದ ನನ್ನಾಕೆ ಕಾಫಿ ತಂದಳು. ಲಾರಿಯವನು ಹೊರಗೆ ಕೂಗುತ್ತಿದ್ದರೂ ಅವರು ಕುಳಿತು ಕುಡಿದೇ ಹೋದರು.